ಸ್ಮೃತಿ, ಅರ್ಥ ಮತ್ತು ಅಕ್ಷರ

ನೆನಪು ಎಂದರೇನು ಎಂಬ ಪ್ರಶ್ನೆ ತತ್ತ್ವಶಾಸ್ತ್ರದಷ್ಟೇ ಹಳೆಯದು. ಪ್ಲೇಟೋ ತನ್ನ ‘ಥೀಟಿಟಸ್’ ಸಂವಾದದಲ್ಲಿ ನೆನಪನ್ನು ಮನಸ್ಸಿನೊಳಗಿನ ಮೇಣದ ಫಲಕಕ್ಕೆ ಹೋಲಿಸಿದ. ಮುದ್ರೆ ಉಳಿದಷ್ಟು ಕಾಲ ನೆನಪು, ಅಳಿದರೆ ಮರೆವು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಮತಿಜ್ಞಾನವನ್ನು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕು ಹಂತಗಳಲ್ಲಿ ವಿವರಿಸಿತು. ವಸ್ತುವಿನ ಮೊದಲ ಗ್ರಹಿಕೆ, ಅದನ್ನು ವಿಶೇಷವಾಗಿ ತಿಳಿಯುವ ಅಪೇಕ್ಷೆ, ಇದು ಇಂಥದೇ ಎಂಬ ನಿಶ್ಚಯ, ಕೊನೆಗೆ ಆ ನಿಶ್ಚಯವು ಮರೆಯದಂತೆ ನೆಲೆಗೊಳ್ಳುವುದು. ಇವನ್ನೆಲ್ಲ ಇಂದಿನ ಸಂಜ್ಞಾನಾತ್ಮಕ ಮನೋವಿಜ್ಞಾನದ ಪೂರ್ವರೂಪಗಳೆಂದು ಸಾರುವ ಉತ್ಸಾಹ ಕೆಲವು ಬರಹಗಳಲ್ಲಿ ಕಾಣುತ್ತದೆ. ಅಂತಹ ಸಮೀಕರಣದಿಂದ ಎರಡೂ ಕಡೆಗೆ ಅನ್ಯಾಯವಾಗುತ್ತದೆ. ಪ್ರಾಚೀನರ ಪ್ರಶ್ನೆ ಜ್ಞಾನದ ಸ್ವರೂಪ ಮತ್ತು ಪ್ರಾಮಾಣ್ಯವನ್ನು ಕುರಿತದ್ದು. ನೆನಪನ್ನು ಅಳೆಯಬಹುದೇ, ಒಂದು ದಿನದಲ್ಲಿ ಎಷ್ಟು ಮರೆಯುತ್ತದೆ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಈ ಎರಡನೆಯ ಪ್ರಶ್ನೆಗೆ ಇನ್ನೂ ಒಂದೂವರೆ ಶತಮಾನ ತುಂಬಿಲ್ಲ.

ಅದನ್ನು ಮೊದಲು ಕೈಗೆತ್ತಿಕೊಂಡವನು ಹರ್ಮನ್ ಎಬ್ಬಿಂಗ್‌ಹೌಸ್. 1850ರಲ್ಲಿ ಜರ್ಮನಿಯ ಬಾರ್ಮೆನ್ ಪಟ್ಟಣದಲ್ಲಿ ಹುಟ್ಟಿದ ಈತ ಬಾನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ 1873ರಲ್ಲಿ ಡಾಕ್ಟರೇಟ್ ಪಡೆದ. ಬಳಿಕ ಕೆಲವು ವರ್ಷ ಇಂಗ್ಲೆಂಡ್ ಮತ್ತು ಫ್ರಾನ್ಸುಗಳಲ್ಲಿ ಖಾಸಗಿ ಶಿಕ್ಷಕನಾಗಿ ಜೀವನ ಸಾಗಿಸಿದ. ಆ ಅವಧಿಯಲ್ಲಿ ಹಳೆಯ ಪುಸ್ತಕಗಳ ನಡುವೆ ಫೆಕ್ನರನ ‘ಮನೋಭೌತಶಾಸ್ತ್ರದ ಮೂಲತತ್ತ್ವಗಳು’ ಎಂಬ ಗ್ರಂಥ ಅವನ ಕೈಗೆ ಸಿಕ್ಕಿತು. ಬೆಳಕು, ಭಾರ ಮೊದಲಾದವುಗಳ ಸಂವೇದನೆಯನ್ನು ಗಣಿತದ ಭಾಷೆಯಲ್ಲಿ ಹೇಳಬಹುದೆಂದು ಫೆಕ್ನರ್ ತೋರಿಸಿದ್ದ. ಸಂವೇದನೆಯನ್ನು ಅಳೆಯಬಹುದಾದರೆ ಸ್ಮೃತಿಯನ್ನೇಕೆ ಅಳೆಯಬಾರದು ಎಂಬುದು ಎಬ್ಬಿಂಗ್‌ಹೌಸನ ಪ್ರಶ್ನೆ. ಪ್ರಾಯೋಗಿಕ ಮನೋವಿಜ್ಞಾನದ ಜನಕನೆನಿಸಿದ ವಿಲ್‌ಹೆಲ್ಮ್ ವುಂಟ್ ಸ್ವತಃ ಉನ್ನತ ಮನೋವ್ಯಾಪಾರಗಳು ಪ್ರಯೋಗಕ್ಕೆ ನಿಲುಕುವುದಿಲ್ಲವೆಂದು ನಂಬಿದ್ದ ಕಾಲ ಅದು.

ಅಡ್ಡಿಯಾಗಿದ್ದುದು ಅರ್ಥ. ಒಂದು ಪದ್ಯವನ್ನೋ ಗದ್ಯಭಾಗವನ್ನೋ ಕಂಠಪಾಠ ಮಾಡುವಾಗ ಓದುಗನ ಹಿಂದಿನ ಓದು, ಅಭಿರುಚಿ, ಪರಿಚಿತ ಪದಗಳ ನಂಟು ಎಲ್ಲವೂ ಕೆಲಸ ಮಾಡುತ್ತವೆ. ಒಬ್ಬನಿಗೆ ಸುಲಭವಾದ ಸಾಲು ಇನ್ನೊಬ್ಬನಿಗೆ ಕಠಿಣವಾಗುತ್ತದೆ. ಹೀಗಾಗಿ ಎಬ್ಬಿಂಗ್‌ಹೌಸ್ ಅರ್ಥವನ್ನೇ ತೆಗೆದುಹಾಕಲು ನಿರ್ಧರಿಸಿದ. ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2,300 ನಿರರ್ಥಕ ಉಚ್ಚಾರಾಂಶಗಳನ್ನು ರಚಿಸಿಕೊಂಡ. ಅವುಗಳನ್ನು ಕಲಸಿ, ಪಟ್ಟಿಗಳಾಗಿ ಜೋಡಿಸಿ, ಗಡಿಯಾರದ ಟಿಕ್ ಸದ್ದಿಗೆ ಹೊಂದಿಸಿ ನಿಮಿಷಕ್ಕೆ 150ರ ವೇಗದಲ್ಲಿ ಓದುತ್ತಿದ್ದ. ತಪ್ಪಿಲ್ಲದೆ ಒಪ್ಪಿಸಲು ಬರುವವರೆಗೆ ಓದು ನಿಲ್ಲುತ್ತಿರಲಿಲ್ಲ. ನೆನಪಿಗಾಗಿ ಯಾವ ಯುಕ್ತಿಯನ್ನೂ ಹೂಡಬಾರದೆಂಬುದು ಅವನು ತನಗೆ ತಾನೇ ವಿಧಿಸಿಕೊಂಡ ನಿಯಮ. ಪ್ರಯೋಗಕಾರನೂ ಅವನೇ, ಪ್ರಯೋಗಕ್ಕೆ ಒಳಗಾದವನೂ ಅವನೇ. 1879–80ರಲ್ಲಿ ಒಮ್ಮೆ, 1883–84ರಲ್ಲಿ ಮತ್ತೊಮ್ಮೆ ಈ ಶುಷ್ಕವಾದ ತಪಸ್ಸು ನಡೆಯಿತು. 1885ರಲ್ಲಿ ‘ಸ್ಮೃತಿಯನ್ನು ಕುರಿತು’ ಎಂಬ ಅರ್ಥದ ಶೀರ್ಷಿಕೆಯ ಚಿಕ್ಕ ಪುಸ್ತಕ ಪ್ರಕಟವಾಯಿತು.

ಈ ಪುಸ್ತಕದ ನಿಜವಾದ ಹೊಸತನವಿರುವುದು ಅಳತೆಯ ಕ್ರಮದಲ್ಲಿ. ‘ನೆನಪಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರಬಹುದು. ಆದರೂ ಅದೇ ಪಾಠವನ್ನು ಮತ್ತೆ ಕಲಿಯಲು ಹೊರಟಾಗ ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ. ಈ ಉಳಿತಾಯವನ್ನೇ ಆತ ನೆನಪಿನ ಅಳತೆಯಾಗಿ ಬಳಸಿದ. ಮೊದಲು ಕಲಿಯಲು ಸಾವಿರ ಸೆಕೆಂಡು ಹಿಡಿದದ್ದಕ್ಕೆ ಮರುದಿನ 660 ಸೆಕೆಂಡು ಸಾಕಾದರೆ ಉಳಿತಾಯ ಶೇಕಡ 34. ಪ್ರಜ್ಞೆಗೆ ಬಾರದ ನೆನಪೂ ನೆನಪೇ ಎಂಬ ಸೂಕ್ಷ್ಮವಾದ ಒಪ್ಪಿಗೆ ಈ ಕ್ರಮದಲ್ಲಿದೆ. ಹದಿಮೂರು ಉಚ್ಚಾರಾಂಶಗಳ ಎಂಟೆಂಟು ಪಟ್ಟಿಗಳನ್ನಿಟ್ಟುಕೊಂಡು ನಡೆಸಿದ 163 ಪರೀಕ್ಷೆಗಳಿಂದ ಪ್ರಸಿದ್ಧವಾದ ಮರೆವಿನ ರೇಖೆ ಮೂಡಿತು. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಉಳಿತಾಯ ಶೇಕಡ 58, ಒಂದು ಗಂಟೆಯ ಬಳಿಕ 44, ಒಂದು ದಿನದ ಬಳಿಕ 34, ಆರು ದಿನಗಳ ಬಳಿಕ 25, ಒಂದು ತಿಂಗಳ ಬಳಿಕ 21. ಮೊದಲ ಗಂಟೆಯಲ್ಲಿ ಕಡಿದಾಗಿ ಇಳಿಯುವ ರೇಖೆ ಬರಬರುತ್ತ ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಒಂದು ದಿನದಲ್ಲಿ ಕಳೆದುಹೋಗದೆ ಉಳಿದದ್ದರಲ್ಲಿ ಹೆಚ್ಚಿನ ಪಾಲು ತಿಂಗಳಾದರೂ ಉಳಿದಿರುತ್ತದೆ. ‘ಓದಿದ್ದರಲ್ಲಿ ಮುಕ್ಕಾಲು ಪಾಲು ವಾರದೊಳಗೆ ಮರೆತುಹೋಗುತ್ತದೆ’ ಎಂದು ಶಿಕ್ಷಕರ ತರಬೇತಿಗಳಲ್ಲಿ ಈ ಅಂಕಿಗಳನ್ನು ಉದ್ಧರಿಸುವ ರೂಢಿಯಿದೆ. ಎಬ್ಬಿಂಗ್‌ಹೌಸ್ ಹಾಗೆ ಹೇಳಲಿಲ್ಲ. ಅವನ ಅಂಕಿಗಳು ಮರುಕಲಿಕೆಯಲ್ಲಿ ಉಳಿದ ಕಾಲವನ್ನು ಸೂಚಿಸುತ್ತವೆ. ಅವನು ಕಲಿತದ್ದು ಪಾಠವನ್ನಲ್ಲ, ಅರ್ಥವಿಲ್ಲದ ಸದ್ದುಗಳನ್ನು.

ಇನ್ನೆರಡು ಫಲಿತಾಂಶಗಳು ಉಲ್ಲೇಖನೀಯ. ಏಳು ಉಚ್ಚಾರಾಂಶಗಳ ಪಟ್ಟಿ ಒಂದೇ ಓದಿಗೆ ಬಾಯಿಗೆ ಬರುತ್ತಿತ್ತು. ಹನ್ನೆರಡಕ್ಕೆ ಹದಿನೇಳರಷ್ಟು ಓದುಗಳು, ಮೂವತ್ತಾರಕ್ಕೆ ಐವತ್ತೈದು ಓದುಗಳು ಬೇಕಾದವು. ಎರಡನೆಯದು ಕಲಿಕೆಯ ಹಂಚಿಕೆಯನ್ನು ಕುರಿತದ್ದು. ಹನ್ನೆರಡು ಉಚ್ಚಾರಾಂಶಗಳ ಪಟ್ಟಿಯನ್ನು ಒಂದೇ ದಿನ 68 ಬಾರಿ ಓದಿದ್ದರಿಂದ ದೊರೆತ ಫಲವು ಮೂರು ದಿನಗಳಿಗೆ ಹಂಚಿ 38 ಬಾರಿ ಓದಿದ್ದರಿಂದಲೇ ದೊರೆಯಿತು. ಪರೀಕ್ಷೆಯ ಹಿಂದಿನ ರಾತ್ರಿಯ ಓದಿನ ವಿರುದ್ಧ ಇದಕ್ಕಿಂತ ಹಳೆಯ ಪ್ರಾಯೋಗಿಕ ಸಾಕ್ಷ್ಯವಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಜಾಗವೊಂದು ಅದೇ ಪುಸ್ತಕದಲ್ಲಿದೆ. ಹೋಲಿಕೆಗೆಂದು ಎಬ್ಬಿಂಗ್‌ಹೌಸ್ ಬೈರನ್ ಕವಿಯ ‘ಡಾನ್ ಹ್ವಾನ್’ ಕಾವ್ಯದ ಕೆಲವು ಪದ್ಯಗಳನ್ನೂ ಕಂಠಪಾಠ ಮಾಡಿದ. ಒಂದೊಂದು ಪದ್ಯದಲ್ಲಿ ಸುಮಾರು ಎಂಬತ್ತು ಉಚ್ಚಾರಾಂಶಗಳು. ಒಂಬತ್ತಕ್ಕಿಂತ ಹೆಚ್ಚು ಓದುಗಳು ಬೇಕಾಗಲಿಲ್ಲ. ಅಷ್ಟೇ ಪ್ರಮಾಣದ ನಿರರ್ಥಕ ಉಚ್ಚಾರಾಂಶಗಳಿಗೆ ಎಪ್ಪತ್ತು ಎಂಬತ್ತು ಓದುಗಳಾದರೂ ಬೇಕೆಂದು ಅವನು ಅಂದಾಜಿಸಿದ. ಅರ್ಥ, ಛಂದಸ್ಸು, ಪ್ರಾಸ ಮತ್ತು ಒಂದೇ ಭಾಷೆಯ ಕಟ್ಟು ಒಟ್ಟುಗೂಡಿದಾಗ ಶ್ರಮವು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎಬ್ಬಿಂಗ್‌ಹೌಸ್ ಈ ಅಂತರವನ್ನು ದಾಖಲಿಸಿ ಮುಂದೆ ಸಾಗಿದ. ಅವನ ಉದ್ದೇಶಕ್ಕೆ ಅದು ಹೊರಗಿನದು. ಹತ್ತರಲ್ಲಿ ಒಂಬತ್ತು ಪಾಲು ಕೆಲಸವನ್ನು ಮಾಡುವ ಶಕ್ತಿಯನ್ನು ಬದಿಗಿಟ್ಟು ಉಳಿದ ಒಂದು ಪಾಲನ್ನು ಅಳೆದ ವಿಜ್ಞಾನವು ಸ್ಮೃತಿಯ ವಿಜ್ಞಾನವೇ ಎಂಬ ಆಕ್ಷೇಪಕ್ಕೆ ಬೀಜ ಅಲ್ಲೇ ಬಿದ್ದಿತ್ತು.

ಅಮೆರಿಕದಲ್ಲಿ ವಿಲಿಯಂ ಜೇಮ್ಸ್ ಬೇರೊಂದು ಪ್ರಶ್ನೆಯನ್ನು ಕಾವ್ಯದ ಮೂಲಕವೇ ಪರೀಕ್ಷಿಸಿದ. ಕಂಠಪಾಠದ ಅಭ್ಯಾಸದಿಂದ ಸ್ಮರಣಶಕ್ತಿಯೇ ಬೆಳೆಯುತ್ತದೆಯೆ? ವಿಕ್ಟರ್ ಹ್ಯೂಗೋನ ‘ಸಟೈರ್’ ಕವನದ 158 ಸಾಲುಗಳನ್ನು ಕಲಿಯಲು ಅವನಿಗೆ ಸುಮಾರು 132 ನಿಮಿಷ ಹಿಡಿಯಿತು. ಬಳಿಕ 38 ದಿನಗಳ ಕಾಲ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಮೊದಲ ಭಾಗವನ್ನು ಕಂಠಸ್ಥ ಮಾಡಿಕೊಂಡು ಮರಳಿ ಹ್ಯೂಗೋನ ಇನ್ನೂ 158 ಸಾಲುಗಳಿಗೆ ಕೈಹಾಕಿದ. ಈ ಸಲ ಹಿಡಿದದ್ದು 151 ನಿಮಿಷಕ್ಕೂ ಹೆಚ್ಚು. ತಾನು ಆಗ ದಣಿದಿದ್ದುದಾಗಿ ಜೇಮ್ಸ್ ಒಪ್ಪಿಕೊಂಡಿದ್ದಾನೆ. ಆದರೂ ಅಭ್ಯಾಸವು ನೆನಪಿನ ‘ಸ್ನಾಯು’ವನ್ನು ಬಲಪಡಿಸುತ್ತದೆಂಬ ನಂಬಿಕೆಗೆ 1890ರ ಅವನ ಗ್ರಂಥ ಕೊಟ್ಟ ಪೆಟ್ಟು ಸಣ್ಣದಲ್ಲ. ಅವನ ವಿದ್ಯಾರ್ಥಿನಿ ಮೇರಿ ವಿಟನ್ ಕಾಲ್ಕಿನ್ಸ್ ಜೋಡಿಪದಗಳ ಮೂಲಕ ನೆನಪನ್ನು ಪರೀಕ್ಷಿಸುವ ಕ್ರಮವನ್ನು ರೂಪಿಸಿದಳು. ಇಂದಿಗೂ ಆ ಕ್ರಮ ಬಳಕೆಯಲ್ಲಿದೆ. ಹಾರ್ವರ್ಡ್ ಮಾತ್ರ ಆಕೆ ಹೆಣ್ಣೆಂಬ ಕಾರಣಕ್ಕೆ ಪದವಿ ಕೊಡಲಿಲ್ಲ.

ಅರ್ಥವನ್ನು ಮರಳಿ ಪ್ರಯೋಗಶಾಲೆಯೊಳಕ್ಕೆ ಕರೆತಂದವನು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್. ನಿರರ್ಥಕ ಉಚ್ಚಾರಾಂಶಗಳಿಂದ ಅರ್ಥ ಹೋಗುವುದಿಲ್ಲ, ಕಲಿಯುವವನು ಅವುಗಳಲ್ಲೂ ಅರ್ಥವನ್ನು ಹುಡುಕುತ್ತಾನೆ; ಬದಲಾಗಿ ಪ್ರಯೋಗವೇ ಕೃತಕವಾಗುತ್ತದೆ ಎಂಬುದು ಅವನ ವಾದ. 1932ರಲ್ಲಿ ಪ್ರಕಟವಾದ ‘ರಿಮೆಂಬರಿಂಗ್’ ಗ್ರಂಥದಲ್ಲಿ ಅವನು ಬಳಸಿದ್ದು ಒಂದು ಜನಪದ ಕಥೆ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳಿಂದ ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋವಾಸ್ ಸಂಗ್ರಹಿಸಿದ ‘ದೆವ್ವಗಳ ಯುದ್ಧ’ ಅದು. ಸೀಲ್ ಪ್ರಾಣಿಗಳ ಬೇಟೆಗೆಂದು ನದಿಗೆ ಹೋದ ಇಬ್ಬರು ಯುವಕರು ಯುದ್ಧದ ಕೂಗು ಕೇಳುತ್ತಾರೆ. ದೋಣಿಗಳಲ್ಲಿ ಬಂದವರ ಜೊತೆ ಒಬ್ಬ ಯುದ್ಧಕ್ಕೆ ಹೋಗುತ್ತಾನೆ. ಪೆಟ್ಟು ಬಿದ್ದರೂ ನೋವಾಗುವುದಿಲ್ಲ. ಇವರು ದೆವ್ವಗಳೆಂದು ಅವನಿಗೆ ಹೊಳೆಯುತ್ತದೆ. ಮನೆಗೆ ಮರಳಿ ಕಥೆಯನ್ನೆಲ್ಲ ಹೇಳಿದ ಮೇಲೆ ಸೂರ್ಯೋದಯದ ಹೊತ್ತಿಗೆ ಅವನ ಬಾಯಿಂದ ಕಪ್ಪಾದದ್ದೇನೋ ಹೊರಬರುತ್ತದೆ, ಅವನು ಸಾಯುತ್ತಾನೆ.

ಇಂಗ್ಲಿಷ್ ಓದುಗರು ಈ ಕಥೆಯನ್ನು ಓದಿ ಮೊದಲು ಹದಿನೈದು ನಿಮಿಷಕ್ಕೆ, ಅನಂತರ ದಿನಗಳ, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ನೆನಪಿನಿಂದ ಬರೆದರು. ಕಥೆ ಚಿಕ್ಕದಾಗುತ್ತ ಬಂತು. ಅದರಲ್ಲಿ ವಿಶೇಷವಿಲ್ಲ. ಏನು ಬದಲಾಯಿತು ಎಂಬುದರಲ್ಲಿ ವಿಶೇಷವಿದೆ. ‘ಕನೂ’ ಎಂಬ ಮೂಲನಿವಾಸಿಗಳ ದೋಣಿ ಸಾಮಾನ್ಯ ದೋಣಿಯಾಯಿತು. ಸೀಲ್ ಬೇಟೆ ಮೀನುಗಾರಿಕೆಯಾಯಿತು. ದೆವ್ವಗಳು ಹಲವರ ಬರಹದಲ್ಲಿ ಮರೆಯಾದವು. ಬಾಯಿಂದ ಬಂದ ಕಪ್ಪು ವಸ್ತು ನೊರೆಯಾಯಿತು, ಹಾರಿಹೋದ ಪ್ರಾಣವಾಯಿತು. ಅಪರಿಚಿತವು ಪರಿಚಿತದ ಕಡೆಗೆ, ಅಸಂಬದ್ಧವು ಸುಸಂಬದ್ಧದ ಕಡೆಗೆ ಜಾರಿತು. ಹೀಗೆ ಬರೆದವರಿಗೆ ತಾವು ತಿದ್ದುತ್ತಿದ್ದೇವೆಂಬ ಅರಿವೇ ಇರಲಿಲ್ಲ. ನೆನಪಿಸಿಕೊಳ್ಳುತ್ತಿದ್ದೇವೆಂದೇ ಅವರು ಭಾವಿಸಿದ್ದರು. ಹಿಂದಿನ ಅನುಭವಗಳಿಂದ ಸಂಘಟಿತವಾದ ಚೌಕಟ್ಟಿನೊಳಗೆ ಪ್ರತಿ ನೆನಪೂ ಮತ್ತೆ ಕಟ್ಟಲ್ಪಡುತ್ತದೆಂದು ಬಾರ್ಟ್‌ಲೆಟ್ ತೀರ್ಮಾನಿಸಿದ. ಆ ಚೌಕಟ್ಟಿಗೆ ನರವಿಜ್ಞಾನಿ ಹೆನ್ರಿ ಹೆಡ್‌ನಿಂದ ‘ಸ್ಕೀಮಾ’ ಎಂಬ ಪದವನ್ನು ಎರವಲು ಪಡೆದ, ಪದವು ತನಗೆ ಅಷ್ಟು ಹಿಡಿಸದೆಂದು ಹೇಳಿಕೊಂಡೇ. ಅದೇ ಗ್ರಂಥದಲ್ಲಿ ಸ್ವಾಜಿಲ್ಯಾಂಡಿನ ಒಬ್ಬ ದನಗಾಹಿಯ ಪ್ರಸ್ತಾಪವಿದೆ. ಒಂದು ವರ್ಷದ ಹಿಂದೆ ಒಡೆಯ ಕೊಂಡಿದ್ದ ಹಸುಗಳ ಬಣ್ಣ, ಗುರುತು, ಬೆಲೆ, ಮಾರಿದವರ ಹೆಸರು ಎಲ್ಲವನ್ನೂ ಅವನು ಬಹುತೇಕ ತಪ್ಪಿಲ್ಲದೆ ಹೇಳಿದ. ಆ ಜನರ ಬದುಕಿನಲ್ಲಿ ಹಸುವಿಗಿರುವ ಸ್ಥಾನವನ್ನು ಬಲ್ಲವರಿಗೆ ಇದು ಅದ್ಭುತವಲ್ಲ. ಅರ್ಥವಿದ್ದಲ್ಲಿ ನೆನಪು ಬಿಗಿಯುತ್ತದೆ; ದೆವ್ವದ ಕಥೆಯಂತೆ ಅರ್ಥ ಹೊಂದದಿದ್ದಲ್ಲಿ ಅದು ತನಗೆ ಬೇಕಾದ ಅರ್ಥವನ್ನು ತುಂಬಿಕೊಳ್ಳುತ್ತದೆ.

ವರ್ತನಾವಾದದ ಪ್ರಾಬಲ್ಯದ ದಶಕಗಳಲ್ಲಿ ಬಾರ್ಟ್‌ಲೆಟ್‌ನಿಗೆ ಅಮೆರಿಕದಲ್ಲಿ ಹೆಚ್ಚು ಕಿವಿಗಳಿರಲಿಲ್ಲ. ಐವತ್ತರ ದಶಕದಲ್ಲಿ ಗಾಳಿ ಬದಲಾಯಿತು. ಒಮ್ಮೆಗೆ ಮನಸ್ಸು ಹಿಡಿಯಬಲ್ಲದ್ದು ಏಳರ ಆಸುಪಾಸಿನ ಅಂಶಗಳನ್ನು ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದ. ಎಬ್ಬಿಂಗ್‌ಹೌಸನ ಏಳು ಹೀಗೆ ಮತ್ತೆ ಕಾಣಿಸಿಕೊಂಡಿತು. ಆದರೆ ಮಿಲ್ಲರನ ಲೇಖನದ ಸಾರವಿರುವುದು ಏಳರಲ್ಲಲ್ಲ. ಬಿಡಿ ಅಂಶಗಳನ್ನು ಅರ್ಥಪೂರ್ಣ ಗುಚ್ಛಗಳಾಗಿ ಕಟ್ಟಿದರೆ ಅದೇ ಅಲ್ಪ ಜಾಗದಲ್ಲಿ ಹೆಚ್ಚನ್ನು ಹಿಡಿಯಬಹುದು ಎಂಬಲ್ಲಿದೆ. ಇತ್ತ 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ಕಳೆದುಕೊಂಡ ಯುವಕನೊಬ್ಬ ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯನ್ನೇ ಕಳೆದುಕೊಂಡ. 2008ರಲ್ಲಿ ಸಾಯುವವರೆಗೂ ವಿಜ್ಞಾನಲೋಕ ಅವನನ್ನು ‘ಎಚ್. ಎಂ.’ ಎಂದಷ್ಟೇ ಬಲ್ಲದು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಅವನಿಗೆ ಕೊಟ್ಟಳು. ಮೂರು ದಿನಗಳಲ್ಲಿ ಕೈ ಪಳಗಿತು. ಆದರೆ ಹಿಂದೆ ಆ ಕೆಲಸ ಮಾಡಿದ ನೆನಪು ಅವನಿಗಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂಬುದು ಸ್ಥಿರವಾಯಿತು. 1972ರಲ್ಲಿ ಎಂಡೆಲ್ ಟಲ್ವಿಂಗ್ ತನಗೆ ಆದದ್ದರ ನೆನಪನ್ನೂ ತಾನು ತಿಳಿದದ್ದರ ನೆನಪನ್ನೂ ಪ್ರತ್ಯೇಕಿಸಿದ.

ಕಲಿಕೆಯ ವಿಷಯದಲ್ಲಿ 2006ರ ಒಂದು ಪ್ರಯೋಗ ನಮ್ಮ ತರಗತಿಗಳಿಗೆ ನೇರವಾಗಿ ತಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಗದ್ಯಭಾಗವೊಂದನ್ನು ಕೊಟ್ಟರು. ಒಂದು ಗುಂಪು ನಾಲ್ಕು ಸಲ ಓದಿತು. ಇನ್ನೊಂದು ಒಂದು ಸಲ ಓದಿ ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಓದಿದವರೇ ಮುಂದು: ಶೇಕಡ 83ಕ್ಕೆ 71. ವಾರದ ಬಳಿಕ ಲೆಕ್ಕ ತಲೆಕೆಳಗಾಯಿತು: ಓದಿದವರಿಗೆ 40, ನೆನಪಿನಿಂದ ಬರೆದವರಿಗೆ 61. ಪದ್ಯವನ್ನೋ ಮಗ್ಗಿಯನ್ನೋ ದಿನವೂ ಒಪ್ಪಿಸುವ ಹಳೆಯ ಪದ್ಧತಿಯನ್ನು ‘ಗಿಳಿಪಾಠ’ವೆಂದು ಹಳಿಯುವಾಗ ಅದರೊಳಗೆ ಎರಡು ಬೇರೆ ಸಂಗತಿಗಳಿವೆಯೆಂಬುದನ್ನು ಗಮನಿಸಬೇಕು. ಅರ್ಥವಿಲ್ಲದೆ ಉರುಹೊಡೆಯುವುದು ಒಂದು, ಪುಸ್ತಕದ ನೆರವಿಲ್ಲದೆ ಒಳಗಿನಿಂದ ಹೊರತರುವುದು ಇನ್ನೊಂದು. ಹಳಿಯಬೇಕಾದದ್ದು ಮೊದಲನೆಯದನ್ನು ಮಾತ್ರ.

ಸಾಹಿತ್ಯ ಸಂಶೋಧನೆಗೆ ಬಾರ್ಟ್‌ಲೆಟ್ ಹೆಚ್ಚು ಹತ್ತಿರವಾಗುವುದು ಹಸ್ತಪ್ರತಿಗಳ ವಿಷಯದಲ್ಲಿ. ಲಿಪಿಕಾರನ ಕಣ್ಣು ಮೂಲಪ್ರತಿಯನ್ನು ಬಿಟ್ಟು ಕಂಠ ತನ್ನ ಗರಿಗೆ ಇಳಿಯುವ ನಡುವೆ ಕೆಲವು ಕ್ಷಣಗಳಿವೆ. ಆ ಕ್ಷಣಗಳಲ್ಲಿ ಸಾಲು ಇರುವುದು ಅವನ ನೆನಪಿನಲ್ಲಿ. ಅಪರೂಪದ ಪದದ ಜಾಗಕ್ಕೆ ಬಳಕೆಯ ಪದ, ಹಳೆಯ ರೂಪದ ಜಾಗಕ್ಕೆ ತನ್ನ ಕಾಲದ ರೂಪ ನುಸುಳುವುದು ಅಲ್ಲೇ. ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವಿರಬಹುದೆಂಬ ಸೂತ್ರವನ್ನು ಬೆಂಗೆಲ್ 1734ರಲ್ಲಿ ಬೈಬಲ್ ಸಂಪಾದನೆಯ ಸಂದರ್ಭದಲ್ಲಿ ಮಂಡಿಸಿದ್ದ. ಸಂಪಾದಕರು ಅನುಭವದಿಂದ ಕಂಡುಕೊಂಡದ್ದಕ್ಕೆ ಎರಡು ಶತಮಾನಗಳ ಬಳಿಕ ಪ್ರಯೋಗಶಾಲೆಯಲ್ಲಿ ಕಾರಣ ದೊರೆಯಿತು. ಕನ್ನಡದಲ್ಲಿ ಱ, ೞಗಳ ಕಥೆ ಇದೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಬೇಕಾಗಿ ಬಂದದ್ದೇ ಅವು ನಾಲಗೆಯಿಂದ ಜಾರುತ್ತಿದ್ದುದಕ್ಕೆ ಸಾಕ್ಷಿ. ನಂತರದ ಲಿಪಿಕಾರರು ಅವುಗಳ ಬದಲು ರ, ಳಗಳನ್ನು ಬರೆದರು. ಆದಿಪ್ರಾಸವಿರುವ ಪದ್ಯಗಳಲ್ಲಿ ಈ ಜಾರುವಿಕೆ ಸಿಕ್ಕಿಬೀಳುತ್ತದೆ, ಏಕೆಂದರೆ ನಾಲ್ಕೂ ಪಾದಗಳ ಎರಡನೆಯ ಅಕ್ಷರ ಒಂದಕ್ಕೊಂದು ಸಾಕ್ಷಿ ನುಡಿಯುತ್ತದೆ. ಪ್ರಾಸ, ಲಯ, ಚಿತ್ರ ಮತ್ತು ಅರ್ಥಗಳು ಒಟ್ಟಾಗಿ ಆಯ್ಕೆಯನ್ನು ಕಿರಿದುಗೊಳಿಸಿ ಮೌಖಿಕ ಪಠ್ಯವನ್ನು ಸ್ಥಿರವಾಗಿಡುತ್ತವೆಂದು ಡೇವಿಡ್ ರೂಬಿನ್ 1995ರಲ್ಲಿ ವಾದಿಸಿದ. ಕನ್ನಡದ ಪ್ರಾಸನಿಯಮವನ್ನು ಅಲಂಕಾರವಾಗಿಯಷ್ಟೇ ನೋಡದೆ ನೆನಪಿನ ಕಾವಲಾಗಿಯೂ ನೋಡಲು ಇಲ್ಲಿ ಅವಕಾಶವಿದೆ.

ಹಾಡುವ ಮಹಾಕಾವ್ಯಗಳ ದಾರಿ ಬೇರೆ. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಯುಗೋಸ್ಲಾವಿಯದಲ್ಲಿ ಗಾಯಕರನ್ನು ಧ್ವನಿಮುದ್ರಿಸಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದರ ಫಲವನ್ನು ಗ್ರಂಥವಾಗಿಸಿದ. ‘ಪದಕ್ಕೆ ಪದ ಅದೇ ಹಾಡು’ ಎಂದು ಗಾಯಕ ಆಣೆಯಿಟ್ಟರೂ ಎರಡು ಹಾಡಿಕೆಗಳು ಒಂದೇ ಆಗಿರಲಿಲ್ಲ. ಅವನು ಸುಳ್ಳಾಡುತ್ತಿರಲಿಲ್ಲ, ‘ಅದೇ’ ಎಂಬುದಕ್ಕೆ ಅವನ ಅರ್ಥ ಬೇರೆ. 1990ರಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ತುಳು ಸಿರಿ ಮಹಾಕಾವ್ಯ 15,683 ಸಾಲುಗಳಷ್ಟಿತ್ತು. ಫಿನ್ಲೆಂಡಿನ ಲೌರಿ ಹೊಂಕೊ ಅದನ್ನು ವಿವೇಕ ರೈ, ಚಿನ್ನಪ್ಪ ಗೌಡ, ಅನೇಲಿ ಹೊಂಕೊ ಅವರೊಂದಿಗೆ 1998ರಲ್ಲಿ ಪ್ರಕಟಿಸಿದರು. ಗಾಯಕನೊಳಗಿರುವುದು ಸಿದ್ಧವಾದ ಪದಸರಣಿಯಲ್ಲ, ಕಥೆಯ ಹಾದಿ, ಘಟನೆಗಳು, ಹಲವು ರೂಪ ತಾಳಬಲ್ಲ ವರ್ಣನೆಗಳು ಸೇರಿದ ‘ಮಾನಸಿಕ ಪಠ್ಯ’ ಎಂದು ಹೊಂಕೊ ಅದನ್ನು ಹೆಸರಿಸಿದರು. ಬಾರ್ಟ್‌ಲೆಟ್‌ನ ಪ್ರಯೋಗದಲ್ಲಿ ದೋಷವಾಗಿ ಕಂಡದ್ದು ಇಲ್ಲಿ ಕಲೆಯ ಉಸಿರು.

ಆದರೆ ಅಕ್ಷರವೇ ಉಳಿಯಬೇಕಾದಾಗ? ವೇದಪಾಠದ ಜಟಾ, ಘನ ಎಂಬ ವಿಕೃತಿಗಳು ಪದಗಳನ್ನು ಮುಂದುಹಿಂದಾಗಿ ಹೆಣೆದು ಮತ್ತೆ ಮತ್ತೆ ಹೇಳಿಸುತ್ತವೆ. ಹಾಗೆ ಹೇಳುವಾಗ ವಾಕ್ಯದ ಅರ್ಥ ಒಡೆದುಹೋಗುತ್ತದೆ. ಅದೇ ಅದರ ಬಲವೆನ್ನಬೇಕು. ಅರ್ಥಕ್ಕೆ ಒರಗಲು ಜಾಗವಿಲ್ಲದಿದ್ದರೆ ಸಮಾನಾರ್ಥಕ ಪದ ನುಸುಳಲು ದಾರಿಯಿಲ್ಲ. ಅಳತೆಗಾಗಿ ಎಬ್ಬಿಂಗ್‌ಹೌಸ್ ಮಾಡಿದ್ದನ್ನು ಈ ಪಾಠಕ್ರಮಗಳು ರಕ್ಷಣೆಗಾಗಿ ಮಾಡಿದ್ದವು. ಅವನು ಕಂಡ ದುಬಾರಿ ಬೆಲೆಯನ್ನು, ಎಂದರೆ ಹತ್ತು ಪಟ್ಟು ಶ್ರಮವನ್ನು, ತಲೆಮಾರುಗಳು ತೆತ್ತವು.

ಜೈನ ಪರಂಪರೆ ಎದುರಿಸಿದ್ದು ಆ ಶ್ರಮವನ್ನು ಹೊರುವವರು ವಿರಳವಾದ ಸ್ಥಿತಿಯನ್ನು. ವೀರಸೇನರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆಯಲ್ಲಿ ಒಂದು ಕಥೆಯಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವು ತಮ್ಮೊಂದಿಗೆ ನಶಿಸೀತೆಂದು ಕಳವಳಗೊಂಡು ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಪಾಠಕ್ಕೆ ಮೊದಲು ಪರೀಕ್ಷೆ: ಇಬ್ಬರಿಗೂ ಒಂದೊಂದು ವಿದ್ಯೆ ಕೊಟ್ಟರು, ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಸಾಧನೆಯಲ್ಲಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಯರು ಹೀಗಿರಲಾರರೆಂದು ಮುನಿಗಳು ಮಂತ್ರವ್ಯಾಕರಣದ ನೆರವಿನಿಂದ ಹೆಚ್ಚಿದ್ದ ಅಕ್ಷರವನ್ನು ತೆಗೆದು, ಬಿಟ್ಟದ್ದನ್ನು ಸೇರಿಸಿ ಮತ್ತೆ ಸಾಧಿಸಿದರು. ಗುರುವು ಬಯಸಿದ್ದು ಕೇಳಿದ್ದನ್ನು ಕೇಳಿದಂತೆ ಒಪ್ಪಿಸುವವನನ್ನಲ್ಲ. ಅಕ್ಷರ ತಪ್ಪಿದಾಗ ಅರ್ಥದ ವಿಕಾರವನ್ನು ಗುರುತಿಸಬಲ್ಲವನನ್ನು. ಪಾಠ ಮುಗಿಸಿ ಹೊರಟ ಆ ಇಬ್ಬರಲ್ಲಿ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಬನವಾಸಿಯ ಕಡೆಗೆ, ಬಂದು ಮೊದಲ ಸೂತ್ರಗಳನ್ನು ರಚಿಸಿ, ಜಿನಪಾಲಿತನ ಮೂಲಕ ಭೂತಬಲಿಗಳಿಗೆ ಕಳುಹಿಸಿದರೆಂದು ಧವಲಾ ಹೇಳುತ್ತದೆ. ಉಳಿದದ್ದನ್ನು ಭೂತಬಲಿಗಳು ಪೂರ್ಣಗೊಳಿಸಿದರು, ಅದೇ ‘ಷಟ್ಖಂಡಾಗಮ’.

ಆ ಟೀಕೆಯ ತಾಳೆಗರಿಗಳು ಮೂಡುಬಿದಿರೆಯಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದವು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದು ಮುದ್ರಣಗೊಳ್ಳತೊಡಗಿದಾಗ ಮೊದಲಿಗೆ ಕೈಗೆ ಸಿಕ್ಕಿದ್ದು ಪ್ರತಿಯ ಪ್ರತಿಗಳು ಮಾತ್ರ. ಮುಂದೆ ಮೂಡುಬಿದಿರೆಯ ಗರಿಗಳೊಂದಿಗೆ ಹೋಲಿಸಿದಾಗ ಪಾಠಭೇದಗಳು ಒಂದೊಂದಾಗಿ ಹೊರಬಿದ್ದವು.